ಪದಚರ್ಚೆ: ‘ಸ್ಕೀಮಾ’ಕ್ಕೆ ಕನ್ನಡದಲ್ಲಿ ಏನನ್ನೋದು? (ನಾಳೆ ಬೆಳಿಗ್ಗೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ಅನುವಾದದ ಫೈಲ್ ಲಾಕ್ ಆಗುತ್ತೆ, ಅದಕ್ಕೇ ಅವಸರದಲ್ಲಿ ಕೇಳ್ತಿದೀನಿ.

ಒಂದು ಸಿಆರ್‌ಎಂ ಸಾಫ್ಟ್‌ವೇರನ್ನ ಕನ್ನಡಕ್ಕೆ ತರ್ತಾ ಇದೀನಿ, ಗ್ರಾಹಕರ ಹೆಸರು ಫೋನು ಆರ್ಡರು ದೂರು ಎಲ್ಲ ಒಂದೇ ಕಡೆ ಇಟ್ಕೊಳ್ಳೋ ಅಂಥದ್ದು. ಅಲ್ಲಿಂದ ಬಿಲ್ಲಿಂಗ್ ಸಿಸ್ಟಮ್ಮಿಗೆ ಮಾಹಿತಿ ಎಕ್ಸ್‌ಎಂಎಲ್ ಆಗಿ ಹೋಗ್ಬೇಕು, ಅಂದ್ರೆ ಒಂದೊಂದು ವಿವರವನ್ನೂ ಟ್ಯಾಗ್ ಅನ್ನೋ ಹೆಸರುಪಟ್ಟಿಗಳ ನಡುವೆ ಇಟ್ಟು ಬರೆದ ಫೈಲಾಗಿ. ಹಾಗೆ ಹೋಗೋ ಫೈಲಲ್ಲಿ ಏನೇನಿರಬೇಕು, ಯಾವುದು ಕಡ್ಡಾಯ, ಯಾವುದು ಎಷ್ಟು ಸಲ ಬರಬಹುದು, ಎಲ್ಲಿ ತಾರೀಖು ಎಲ್ಲಿ ಬರೀ ಪಠ್ಯ, ಇದನ್ನೆಲ್ಲ ಹೇಳೋದು ಸ್ಕೀಮಾ. ಒಂದು ಬಟನ್ ಒತ್ತಿದ್ರೆ ಸಿಆರ್‌ಎಂ ಒಳಗಿರೋ ಫೀಲ್ಡುಗಳನ್ನ ನೋಡಿ ಆ ಸ್ಕೀಮಾ ಫೈಲನ್ನ ತಾನೇ ಬರ್ಕೊಡುತ್ತೆ. ಆ ಬಟನ್ ಮೇಲೆ ಈಗ "ಯೋಜನೆಯನ್ನು ಉತ್ಪಾದಿಸಿ" ಅಂತಿದೆ, ಮೆಷೀನ್ ಅನುವಾದದಿಂದ ಬಂದಿದ್ದು. ನನಗೆ ಅದನ್ನ ನೋಡೋಕೇ ಆಗ್ತಿಲ್ಲ. ಜಾಗ ಚಿಕ್ಕದು, ಎರಡು ಪದ ಹಿಡಿಯುತ್ತೆ ಅಷ್ಟೆ. ಜೊತೆಗೆ ತಪ್ಪು ಬಂದಾಗ ತೋರಿಸೋ ಸಾಲುಗಳೂ ಇವೆ, "ವ್ಯಾಲಿಡ್ ಅಲ್ಲ", "ವೆಲ್ ಫಾರ್ಮ್ಡ್ ಅಲ್ಲ", "ಹೆಸರು 40 ಅಕ್ಷರ ಮೀರಿದೆ" ಅನ್ನೋ ಥರದವು. ಮೊದಲೆರಡಕ್ಕೂ ಹಿಂದಿನವರು "ಅಮಾನ್ಯ" ಅಂತ ಒಂದೇ ಪದ ಹಾಕಿಟ್ಟಿದಾರೆ. ದಯವಿಟ್ಟು ಸಹಾಯ ಮಾಡಿ.

----

> ಯೋಜನೆಯನ್ನು ಉತ್ಪಾದಿಸಿ

ತಪ್ಪು. ಸ್ಕೀಮು ಬೇರೆ, ಸ್ಕೀಮಾ ಬೇರೆ. ಹುಟ್ಟಿದ್ದು ಒಂದೇ ಹೊಟ್ಟೇಲಾದರೂ ದಾರಿ ಬೇರೆಯಾಗಿ ಬಹಳ ಕಾಲ ಆಯ್ತು. ಉತ್ಪಾದಿಸೋದಂತೂ ಸಿಮೆಂಟಿಗೂ ವಿದ್ಯುತ್ತಿಗೂ ಸರಿ, ಫೈಲಿಗಲ್ಲ.

ಮೂಲ ಗ್ರೀಕಿನ ಸ್ಖೇಮಾ, ಆಕಾರ, ಇರುವ ಭಂಗಿ ಅಂತ ಅರ್ಥ. ಅದರ ಬೇರಿನ ಅರ್ಥ ಹಿಡಿದಿಡು, ಇಟ್ಟುಕೊಳ್ಳು. ಅದೇ ಬೇರಿನಿಂದ ಸಂಸ್ಕೃತದ ಸಹ್ ಧಾತು ಬಂದಿದೆ, ಅಲ್ಲಿಂದ ನಮ್ಮ ಸಹನೆ, ಸಹಿಸು, ಸಾಹಸ. ಹಾಗಾಗಿ ಸ್ಕೀಮಾ ನಮಗೆ ಪೂರ್ತಿ ಹೊರಗಿನದಲ್ಲ, ದೂರದ ನಂಟು. ಆಕಾರವನ್ನ ಹಿಡಿದಿಡೋದಕ್ಕೆ ಕನ್ನಡದಲ್ಲಿ ಒಳ್ಳೇ ಪದ ಇದೆ: ಅಚ್ಚು. "ಅಚ್ಚು ತೆಗೆಯಿರಿ" ಅಂತ ಹಾಕಿ, ಚರ್ಚೆ ಮುಗೀತು.

----

> ಅಚ್ಚು ತೆಗೆಯಿರಿ

ಮುಗೀಲಿಲ್ಲ ಸರ್. ಅಚ್ಚು ಆಗಲ್ಲ.

ಅಚ್ಚಿಂದ ಬರೋ ವಸ್ತುಗಳೆಲ್ಲ ಒಂದೇ ಥರ ಇರ್ತವೆ. ಸ್ಕೀಮಾದಲ್ಲಿ ಹಾಗಲ್ಲ, ಒಬ್ಬ ಗ್ರಾಹಕನಿಗೆ ಮೂರು ಫೋನ್ ನಂಬರ್, ಇನ್ನೊಬ್ಬನಿಗೆ ಒಂದೂ ಇಲ್ಲ, ಎರಡೂ ಅದೇ ಸ್ಕೀಮಾಕ್ಕೆ ಸರಿಹೋಗಬಹುದು. ಫೋನಿಗೆ ಮಿನ್‌ಆಕರ್ಸ್ (ಕನಿಷ್ಠ ಎಷ್ಟು ಸಲ) 0, ಮ್ಯಾಕ್ಸ್‌ಆಕರ್ಸ್ (ಗರಿಷ್ಠ ಎಷ್ಟು ಸಲ) ಅನ್‌ಬೌಂಡೆಡ್, ಅಂದ್ರೆ ಮಿತಿ ಇಲ್ಲ, ಅಂತ ಕೊಟ್ಟರೆ ಆಯ್ತು. ಏನೂ ಕೊಡದಿದ್ರೆ ಎರಡೂ 1, ಅಂದ್ರೆ ಇರಲೇಬೇಕು, ಒಂದೇ ಇರಬೇಕು. ಸ್ಕೀಮಾ ಏನನ್ನೂ ತಯಾರು ಮಾಡಲ್ಲ, ಬಂದಿದ್ದನ್ನ ತೂಗಿ ನೋಡುತ್ತೆ.

ಇದು ಬರೀ ಪದದ ಜಗಳ ಅಲ್ಲ, ಅಚ್ಚು ಅಂದ್ಕೊಂಡವರು ಕೆಲಸ ಕೆಡಿಸೋದನ್ನ ನೋಡಿದೀನಿ. ನಾನು ಮಾಡಿದ ಒಂದು ಇಂಟಿಗ್ರೇಷನ್ನಲ್ಲಿ ಆ ಕಡೆಯವರು ಸಿಆರ್‌ಎಂನಿಂದ ಒಂದೇ ಒಂದು ಗ್ರಾಹಕನ ಫೈಲ್ ತೆಗೆದು, ಅದನ್ನ ಟೂಲಿಗೆ ಹಾಕಿ ಸ್ಕೀಮಾ ಮಾಡಿಸಿ ಕಳಿಸಿದ್ರು. ಆ ಗ್ರಾಹಕನಿಗೆ ಇಮೇಲ್ ಇತ್ತು, ಟೂಲು ಇಮೇಲ್ ಕಡ್ಡಾಯ ಅಂತ ಬರೀತು. ಫೋನಲ್ಲಿ ಬರೀ ಅಂಕಿ ಇತ್ತು, ಪೂರ್ಣಾಂಕ ಅಂತ ಬರೀತು. ಆಮೇಲೆ ಸೊನ್ನೆಯಿಂದ ಶುರುವಾಗೋ ನಂಬರಿನ ಸೊನ್ನೆ ಆ ಕಡೆ ಹೋಗೋಷ್ಟರಲ್ಲಿ ಮಾಯ, ನಡುವೆ ಖಾಲಿ ಜಾಗ ಬಿಟ್ಟು ಬರೆದ ನಂಬರು ಪೂರ್ತಿ ತಿರಸ್ಕೃತ, ಇಮೇಲ್ ಇಲ್ಲದ ಗ್ರಾಹಕರೆಲ್ಲ ಹೊರಗೇ. ಫೋನು ಲೆಕ್ಕಕ್ಕೆ ಬರೋ ಸಂಖ್ಯೆ ಅಲ್ಲ, ಪಠ್ಯ. ಒಂದು ಫೈಲನ್ನೇ ಅಚ್ಚು ಅಂತ ತಿಳಿದ್ರೆ ಆಗೋದು ಇದು. ಸ್ಕೀಮಾ ಮಾಡಿಸೋದಿದ್ರೆ ಸಿಆರ್‌ಎಂ ತನ್ನ ಫೀಲ್ಡುಗಳ ಬಗ್ಗೆ ತಾನೇ ಕೊಡೋ ವಿವರದಿಂದ ಮಾಡಿಸಬೇಕು. ಇವರ ಬಟನ್ ಮಾಡೋದು ಅದನ್ನೇ, ಒಳ್ಳೇದು.

"ಅಮಾನ್ಯ" ಎರಡಕ್ಕೂ ಹಾಕ್ಬೇಡಿ. ತೆರೆದ ಟ್ಯಾಗ್ ಮುಚ್ಚದೆ ಬಿಟ್ಟಿದ್ರೆ ಅದು ಎಕ್ಸ್‌ಎಂಎಲ್ಲೇ ಅಲ್ಲ, ಅದು ವೆಲ್ ಫಾರ್ಮ್ಡ್ ಅಲ್ಲದ್ದು. ಟ್ಯಾಗೆಲ್ಲ ಸರಿಯಾಗಿದ್ದೂ ಇರಬೇಕಾದ ಹೆಸರು ಇಲ್ಲ, ಅಥವಾ ತಾರೀಖನ್ನ ವರ್ಷ-ತಿಂಗಳು-ದಿನ ಅಂತ ಬರೆಯೋ ಬದಲು ತಿರುಗಿಸಿ ಬರೆದಿದಾರೆ, ಅದು ವ್ಯಾಲಿಡ್ ಅಲ್ಲದ್ದು. ಮೊದಲನೇದನ್ನ ತಿಳಿಯೋಕೆ ಸ್ಕೀಮಾ ಬೇಕಿಲ್ಲ, ಎರಡನೇದಕ್ಕೆ ಬೇಕು. ಎರಡಕ್ಕೂ ಒಂದೇ ಪದ ಹಾಕಿದ್ರೆ ರಿಪೇರಿ ಮಾಡೋನು ತಪ್ಪು ಜಾಗದಲ್ಲಿ ಹುಡುಕ್ತಾನೆ.

----

ಕಟ್ಟಲೆ.

ಹಳೇ ಪದ, ನಮ್ಮದೇ ಪದ, ಕಟ್ಟು ಅನ್ನೋದರಿಂದ ಬಂದಿದ್ದು. ಕಟ್ಟಿರೋ ಬಗೆ, ಕಟ್ಟುಪಾಡು ಎರಡೂ ಅದರೊಳಗೇ ಇವೆ. ಸಂಸ್ಕ್ರುತದ ಸಂರಚನೆ ಪಂರಚನೆ ಬೇಡ, ಇಂಗ್ಲಿಶಿನ ಸ್ಕೀಮಾನೂ ಬೇಡ. ಎಲಿಮೆಂಟಿಗೆ, ಅಂದರೆ ಟ್ಯಾಗುಗಳ ನಡುವಿನ ಒಂದೊಂದು ತುಂಡಿಗೆ, ಗಟಕ ಅನ್ನಬೇಡಿ, ‘ಬಿಡಿ’ ಅನ್ನಿ. ವ್ಯಾಲಿಡ್ ಅಂದರೆ ಕಟ್ಟಲೆಗೆ ಒಪ್ಪುವಂತದ್ದು. ಬಾಶೆ ಬೆಳೆಯೋದು ಅದರ ಬೇರಿಂದ, ತಂದು ಅಂಟಿಸಿದ್ದರಿಂದಲ್ಲ. ನುಡಿಯರಿಗ ಶಂಕರ ಬಟ್ಟರು ಇದನ್ನ ಎಶ್ಟು ವರುಶ ಹೇಳಿದರೂ ಇಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲ್ಲ.

----

> ತಂದು ಅಂಟಿಸಿದ್ದರಿಂದಲ್ಲ

ಹಾಗಾದ್ರೆ ಅರ್ಜಿ, ದಾಖಲೆ, ಖಾತೆ, ನಮೂನೆ ಎಲ್ಲಾ ವಾಪಸ್ ಕಳಿಸ್ತೀರಾ? ಇದೇ ಸಾಫ್ಟ್‌ವೇರಲ್ಲಿ ಹತ್ತು ಕಡೆ ‘ಬಳಕೆದಾರ’ ಅಂತ ಇರುತ್ತೆ. ಬಳಕೆ ಕನ್ನಡ, ದಾರ ಪಾರಸಿ. ಯಾರಿಗಾದ್ರೂ ಕಸಿ ಕಟ್ಟಿದ ಜಾಗ ಕಾಣುತ್ತಾ? ಇಲ್ಲ, ಯಾಕಂದ್ರೆ ಗಿಡ ಹಿಡಿದಿದೆ.

ನನ್ನ ಸಲಹೆ ಬೇರೆ. ಪದ ತನ್ನಿ, ಆದ್ರೆ ನಮ್ಮ ಬಾಯಿಗೆ ಒಗ್ಗಿಸಿಕೊಂಡು ತನ್ನಿ. ಮಾಲಾ ಮಾಲೆ ಆಯ್ತು, ಶಾಲಾ ಶಾಲೆ ಆಯ್ತು, ಹೊರಗಿನ ಪದ ಹೇಗೆ ತದ್ಭವ ಆಗುತ್ತೆ ಅಂತ 13ನೇ ಶತಮಾನದಲ್ಲೇ ವ್ಯಾಕರಣ ಬರೆದ ಕೇಶಿರಾಜ ಒಂದು ಪ್ರಕರಣವನ್ನೇ ಇಟ್ಟಿದ್ದಾನೆ. ಅದೇ ದಾರೀಲಿ ಸ್ಕೀಮಾ ‘ಸ್ಕೀಮೆ’ ಆಗ್ಲಿ. ಸ್ಕೀಮೆಯ, ಸ್ಕೀಮೆಗೆ, ಸ್ಕೀಮೆಗಳು, ವಿಭಕ್ತಿ ಎಲ್ಲೂ ತೊಡರಲ್ಲ.

----

ಬಳಕೆದಾರ ನಾನು ಬರೆಯಲ್ಲ. ಬಳಸುಗ.

----

ಸಿನಿಮಾ ಸಿನಿಮೆ ಆಯ್ತಾ? ಇಷ್ಟು ವರ್ಷ ಆಯ್ತು, ಸಿನಿಮಾದ, ಸಿನಿಮಾಕ್ಕೆ, ಸಿನಿಮಾಗಳು ಅಂತ ಆರಾಮಾಗಿ ನಡೀತಿದೆ. ಡೇಟಾನೂ ಹಾಗೇ. ಇವತ್ತಿನ ಕನ್ನಡದ ಬಾಯಿಗೆ ಕೊನೆಯ ದೀರ್ಘ ತೊಡಕಲ್ಲ. ಸ್ಕೀಮೆ ಅಂತ ಹಾಕಿದ್ರೆ ಓದಿದವರು ಅಚ್ಚಿನ ತಪ್ಪು ಅಂತ ತಿಳೀತಾರೆ.

ಸ್ಕೀಮಾ ಇರ್ಲಿ ಬಿಡಿ. ಆ ಬಟನ್ ಒತ್ತೋನು ಆ ಫೈಲನ್ನ ಇನ್ನೊಂದು ಸಿಸ್ಟಮ್ಮಿನವನಿಗೆ ಕಳಿಸ್ತಾನೆ, ಆ ಕಡೆಯವನು "ಸ್ಕೀಮಾ ಕಳಿಸಿ" ಅಂತಲೇ ಕೇಳಿರ್ತಾನೆ. ಬಟನ್ ಮೇಲೆ ಕಟ್ಟಲೆ ಅಂತಿದ್ರೆ ಇವನು ಅದನ್ನ ಹುಡುಕೋದು ಎಲ್ಲಿ? ವಸ್ತುವಿನ ಹೆಸರು ತಂದಿದ್ದಾದ್ರೂ ಪರವಾಗಿಲ್ಲ, ಸುತ್ತಲಿನ ಕ್ರಿಯಾಪದ, ವಾಕ್ಯ ಕನ್ನಡದ್ದಾಗಿರಬೇಕು. ನಮ್ಮ ಅನುವಾದಗಳು ಸೋಲೋದು ಅಲ್ಲೇ, ನಾಮಪದಕ್ಕೆ ಹತ್ತು ದಿನ ಜಗಳ ಆಡಿ ಕೊನೆಗೆ "ಉತ್ಪಾದಿಸಲ್ಪಟ್ಟಿದೆ" ಅಂತ ಬರೀತೀವಿ.

‘ರಚಿಸಿ’ ಬೇಡ, ಅದೇ ತೆರೆಯಲ್ಲಿ ‘ಹೊಸ ಗ್ರಾಹಕ ರಚಿಸಿ’ ಅಂತ ಇದ್ದೇ ಇರುತ್ತೆ, ಅಲ್ಲಿ ಬರೆಯೋನು ಮನುಷ್ಯ. ಇಲ್ಲಿ ಬರೆಯೋದು ಸಾಫ್ಟ್‌ವೇರು. ‘ತಯಾರಿಸಿ’ ಹಾಕಿ.

ಇನ್ನೊಂದು ಮಾತು ಯಾರೂ ಎತ್ತಲಿಲ್ಲ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸಿದ್ದು ಅದೇ. "40 ಅಕ್ಷರ ಮೀರಿದೆ" ಅನ್ನೋದು ಕನ್ನಡದಲ್ಲಿ ಸುಳ್ಳು. ಸ್ಕೀಮಾದ ಮ್ಯಾಕ್ಸ್‌ಲೆಂಗ್ತ್, ಅಂದ್ರೆ ಗರಿಷ್ಠ ಉದ್ದದ ಮಿತಿ, ಎಣಿಸೋದು ಯೂನಿಕೋಡಿನ ಸಂಕೇತಗಳನ್ನ, ಅಕ್ಷರಗಳನ್ನಲ್ಲ. ‘ಲಕ್ಷ್ಮೀ’ ಅಂತ ಟೈಪ್ ಮಾಡಿ ನೋಡಿ, ನಮಗೆ ಎರಡೇ ಅಕ್ಷರ. ಯಂತ್ರಕ್ಕೆ ಲ, ಕ, ವಿರಾಮ (ಒತ್ತಕ್ಷರ ಕೂಡಿಸೋ ಅರ್ಧಾಕ್ಷರದ ಗುರುತು), ಷ, ವಿರಾಮ, ಮ, ಈಕಾರ, ಒಟ್ಟು ಏಳು. ಹದಿನೈದು ಅಕ್ಷರದ ಹೆಸರು ಬರೆದವರಿಗೆ ನಲವತ್ತು ಮೀರಿದೆ ಅಂದ್ರೆ ಅವರು ಬೆರಳೆಣಿಸಿ ನೋಡಿ ಸಾಫ್ಟ್‌ವೇರೇ ಕೆಟ್ಟಿದೆ ಅಂತಾರೆ, ಅವರು ಹೇಳೋದೇ ಸರಿ. ಇಂಗ್ಲಿಷಿನ ಕ್ಯಾರೆಕ್ಟರ್ರಿಗೆ ಅಕ್ಷರ ಅಂತ ಕಣ್ಣುಮುಚ್ಚಿ ಹಾಕ್ತಾ ಬಂದಿದೀವಲ್ಲ, ಇಲ್ಲಿ ಅದು ಅರ್ಥವನ್ನೇ ಕೆಡಿಸುತ್ತೆ.

----

> ಯಂತ್ರಕ್ಕೆ ... ಒಟ್ಟು ಏಳು

ಇದು ನನಗೆ ಹೊಳೆದೇ ಇರಲಿಲ್ಲ, ತುಂಬಾ ಉಪಕಾರ. ಈಗಷ್ಟೇ ಟೆಸ್ಟ್ ಮಾಡ್ದೆ, ಹದಿನಾರು ಅಕ್ಷರದ ಒಂದು ಹೆಸರು ನಿಜಕ್ಕೂ ತಿರಸ್ಕೃತ ಆಯ್ತು. ಪದ ಬದಲಿಸಿದ್ರೆ ಸಾಲದು, ಮಿತಿಯನ್ನೇ ಹೆಚ್ಚಿಸಿ ಅಂತ ಸಾಫ್ಟ್‌ವೇರಿನವರಿಗೆ ಬರೆದಿದೀನಿ.

ಬೆಳಿಗ್ಗೆ ಕಳಿಸ್ತಿರೋದು ಹೀಗೆ. ಬಟನ್: "ಸ್ಕೀಮಾ ತಯಾರಿಸಿ". ಟ್ಯಾಗ್ ತಪ್ಪಿದ್ರೆ: "12ನೇ ಸಾಲಿನಲ್ಲಿ ತೆರೆದ ಟ್ಯಾಗ್ ಮುಚ್ಚಿಲ್ಲ". ಸ್ಕೀಮಾಕ್ಕೆ ಒಪ್ಪದಿದ್ರೆ: "ಸ್ಕೀಮಾಕ್ಕೆ ಹೊಂದುತ್ತಿಲ್ಲ, ‘ಹೆಸರು’ ಇರಲೇಬೇಕು". ವ್ಯಾಲಿಡ್ಡಿಗೂ ವೆಲ್ ಫಾರ್ಮ್ಡಿಗೂ ಬೇರೆ ಬೇರೆ ಪಾರಿಭಾಷಿಕ ಪದ ಹುಡುಕೋ ಬದಲು ತಪ್ಪು ಏನು ಅಂತಲೇ ಹೇಳಿಬಿಟ್ಟೆ. ಉದ್ದ ಆದ್ರೆ: "ಹೆಸರು ತುಂಬಾ ಉದ್ದವಾಯಿತು, ಚಿಕ್ಕದು ಮಾಡಿ", ಅಂಕಿ ತೆಗೆದೆ. ‘ಒಪ್ಪು’ ಅನ್ನೋದನ್ನ ಕಟ್ಟಲೆ ಸಲಹೆ ಕೊಟ್ಟವರಿಂದ ಕೈಪಿಡಿಗೆ ತಗೊಂಡಿದೀನಿ, "ಈ ಸ್ಕೀಮಾ ಒಪ್ಪುವ ಫೈಲುಗಳು" ಅಂತ, ಚೆನ್ನಾಗಿ ಕೂತಿದೆ.

ಅಟ್ರಿಬ್ಯೂಟಿಗೆ (ಟ್ಯಾಗಿನ ಒಳಗೇ ಬರೆಯೋ ವಿವರಕ್ಕೆ) ಸದ್ಯಕ್ಕೆ ‘ಗುಣ’ ಇಟ್ಟಿದೀನಿ, ಎಂಟು ಗಂಟೆಯೊಳಗೆ ಬೇರೆ ಹೊಳೆದ್ರೆ ಬರೀರಿ.

----

ಗುಣ ಬೇಡ. ಪರಿಚೆ.