ಓರೈ1 ಹೆಚ್ಚಿಸಿದರೆ ಕ್ಯಾಲ್ಸಿಯಂ ಒಳಹರಿವು ಇಳಿಯುವುದೇಕೆ?

ಪ್ರಶ್ನೆ (ಕೋಶಪೊರೆ):
ಎಚ್‌ಇಕೆ293 ಕೋಶಗಳಿಗೆ (ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಕೋಶಗಳು) ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನು) ಜೋಡಿಸಿದ ಓರೈ1 (ಹೊರಪೊರೆಯ ಕ್ಯಾಲ್ಸಿಯಂ ಚಾನೆಲ್) ಮಾತ್ರ ಹಾಕಿದ್ದೇವೆ. ಥಾಪ್ಸಿಗಾರ್ಗಿನ್ ಕೊಟ್ಟು ಇಆರ್‌ನ (ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ, ಕೋಶದೊಳಗಿನ ಪೊರೆಜಾಲ) ಕ್ಯಾಲ್ಸಿಯಂ ದಾಸ್ತಾನು ಖಾಲಿ ಮಾಡಿ, ಆಮೇಲೆ ಹೊರಗೆ 2 ಮಿಲಿಮೋಲಾರ್ ಕ್ಯಾಲ್ಸಿಯಂ ಹಾಕಿದರೆ ಫ್ಯೂರಾ-2 (ಕ್ಯಾಲ್ಸಿಯಂ ಅಳೆಯುವ ಹೊಳೆಯುವ ಬಣ್ಣ; 340 ಮತ್ತು 380 ನ್ಯಾನೊಮೀಟರ್ ಬೆಳಕಿನಲ್ಲಿ ಅದರ ಹೊಳಪು ಹೋಲಿಸುತ್ತಾರೆ) ಅನುಪಾತ ಖಾಲಿ ವೆಕ್ಟರ್‌ನ (ಓರೈ1 ಜೀನ್ ಇಲ್ಲದ ಪ್ಲಾಸ್ಮಿಡ್ ಹಾಕಿದ) ಕೋಶಗಳಿಗಿಂತಲೂ ಕೆಳಗಿರುತ್ತದೆ. ಪ್ರೋಟೀನು ಹೊರಪೊರೆಗೆ ಬಂದಿರುವುದು ಕಾಣುತ್ತದೆ. ಚಾನೆಲ್ ಹೆಚ್ಚಿದ್ದರೂ ಹರಿವು ಏಕೆ ಕಡಿಮೆ?

ಅಯಾನುಮಾರ್ಗ:
ಓರೈ1 ತಾನಾಗಿ ತೆರೆಯುವುದಿಲ್ಲ. ಅದನ್ನು ತೆರೆಯುವುದು ಇಆರ್ ಪೊರೆಯಲ್ಲಿರುವ ಸ್ಟಿಮ್1 ಎಂಬ ಪ್ರೋಟೀನು. ಇಆರ್ ಒಳಗೆ ಚಾಚಿದ ಅದರ ತುದಿ ಕ್ಯಾಲ್ಸಿಯಂ ಹಿಡಿದಿರುವವರೆಗೂ ಸೈಟೋಪ್ಲಾಸಂ ಕಡೆಯ ಭಾಗ ಮಡಚಿಕೊಂಡಿರುತ್ತದೆ. ದಾಸ್ತಾನು ಇಳಿದು ಕ್ಯಾಲ್ಸಿಯಂ ಕಳಚಿತೆಂದರೆ ಆ ತುದಿಗಳು ಒಂದಕ್ಕೊಂದು ಅಂಟುತ್ತವೆ, ಮಡಿಕೆ ಬಿಚ್ಚಿಕೊಳ್ಳುತ್ತದೆ, ಸುಮಾರು 100 ಅಮೈನೊ ಆಮ್ಲಗಳ ‘ಸೋರ್’ ಭಾಗ (344ರಿಂದ 442) ಹೊರಪೊರೆಯತ್ತ ಚಾಚುತ್ತದೆ. ಬಾಲದಲ್ಲಿರುವ ಲೈಸಿನ್‌ಗಳು ಹೊರಪೊರೆಯ ಪಿಐಪಿ2 ಲಿಪಿಡ್‌ಗೆ ಕಚ್ಚಿಕೊಳ್ಳುತ್ತವೆ. ಇಆರ್ ಮತ್ತು ಹೊರಪೊರೆಯ ನಡುವೆ 10ರಿಂದ 25 ನ್ಯಾನೊಮೀಟರ್ ಮಾತ್ರ ಅಂತರವಿರುವ ಜಾಗದಲ್ಲೇ ಈ ಭೇಟಿ ನಡೆಯುವುದು.

ಓರೈ1 ಆರು ಉಪಘಟಕಗಳ ಕೂಟ. ‘ಸೋರ್’ ಅದರ ಸಿ-ತುದಿಗೆ ಸೇರಿದಾಗ ಮೊದಲ ಸುರುಳಿಯ ವ್ಯಾಲಿನ್ 102, ಫೀನೈಲ್ಅಲನಿನ್ 99 ಇರುವ, ನೀರನ್ನು ದೂರವಿಡುವ ‘ಜಿಡ್ಡುಗೇಟು’ ಸರಿದು ದಾರಿ ಬಿಡುತ್ತದೆ. ಅದರ ಮೇಲಿನ ಗ್ಲುಟಮೇಟ್ 106ರ ಉಂಗುರ ಕ್ಯಾಲ್ಸಿಯಂ ಅನ್ನೇ ಆರಿಸುತ್ತದೆ. ಮುಖ್ಯ ಸಂಗತಿ: ಒಂದು ಚಾನೆಲ್‌ಗೆ ಒಂದೆರಡು ಸ್ಟಿಮ್1 ಸಿಕ್ಕರೆ ಅದು ಅರೆಬರೆ ತೆರೆಯುವುದೂ ಕಷ್ಟ. ನೀವು ಓರೈ1 ಮಾತ್ರ ಹೆಚ್ಚಿಸಿದ್ದೀರಿ. ಕೋಶದಲ್ಲಿ ಮೊದಲೇ ಇದ್ದ ಅಷ್ಟಿಷ್ಟು ಸ್ಟಿಮ್1 ಹಂಚಿಹೋಗಿ ಯಾವ ಚಾನೆಲ್‌ಗೂ ಸಾಲುತ್ತಿಲ್ಲ. ಎರಡನ್ನೂ ಒಟ್ಟಿಗೆ ಹಾಕಿ ನೋಡಿ, ಹರಿವು ಹಲವು ಪಟ್ಟು ಏರುತ್ತದೆ. ಆದರೆ ಹಾಕಿದ ಪ್ಲಾಸ್ಮಿಡ್‌ನ (ಜೀನ್ ಹೊತ್ತ ಡಿಎನ್‌ಎ ಉಂಗುರ) ಅನುಪಾತವೇ ಪ್ರೋಟೀನಿನ ಅನುಪಾತವಲ್ಲ. ಎರಡಕ್ಕೂ ಬೇರೆ ಬೇರೆ ಬಣ್ಣ ಜೋಡಿಸಿ, ಒಂದೊಂದು ಕೋಶದಲ್ಲೂ ಆ ಎರಡು ಬಣ್ಣಗಳ ತೀವ್ರತೆ ಅಳೆದು, ಸ್ಟಿಮ್1 ಮಿಗಿಲಾಗಿರುವ ಕೋಶಗಳನ್ನು ಪ್ರತ್ಯೇಕವಾಗಿ ನೋಡಿ.

ಪಿಪೆಟ್‌ಪ್ರಿಯ:
ಅದಕ್ಕೂ ಮೊದಲು ಜಿಎಫ್‌ಪಿಯನ್ನು ಅನುಮಾನಿಸಿ. 380 ನ್ಯಾನೊಮೀಟರ್ ಬೆಳಕಿಗೆ ಅದೂ ಹೊಳೆಯುತ್ತದೆ, ಹೊಮ್ಮುವ ಬೆಳಕೂ ಫ್ಯೂರಾದ 510ರ ಹತ್ತಿರವೇ. ಹೀಗಾಗಿ 340/380 ಅನುಪಾತ ಕೃತಕವಾಗಿ ಇಳಿಯುತ್ತದೆ. ಎಮ್‌ಚೆರ್ರಿ (ಕೆಂಪಾಗಿ ಹೊಳೆಯುವ ಪ್ರೋಟೀನು) ಜೋಡಿಸಿದ ಓರೈ1 ಬಳಸಿ, ಇಲ್ಲವೇ ಫ್ಯೂರಾ ತುಂಬದ ಜಿಎಫ್‌ಪಿ ಕೋಶಗಳ ಹಿನ್ನೆಲೆ ಅಳೆದು ಕಳೆಯಿರಿ.

ಬಫರ್ ಬಗ್ಗೆ: ಕ್ಯಾಲ್ಸಿಯಂರಹಿತ ಹೆಪೆಸ್ ಬಫರ್‌ನಲ್ಲಿ 0.5 ಮಿಲಿಮೋಲಾರ್ ಇಜಿಟಿಎ (ಕ್ಯಾಲ್ಸಿಯಂ ಹಿಡಿದಿಡುವ ರಾಸಾಯನಿಕ) ಇದ್ದರೆ, 2 ಮಿಲಿಮೋಲಾರ್ ಸೇರಿಸಿದಾಗ ಮುಕ್ತ ಕ್ಯಾಲ್ಸಿಯಂ ಸುಮಾರು 1.5 ಮಾತ್ರ. ಇಜಿಟಿಎ ಪ್ರೋಟಾನ್ ಬಿಡುವುದರಿಂದ ಪಿಎಚ್ ಕೂಡ ಇಳಿಯುತ್ತದೆ. ದ್ರವವನ್ನೇ ಬದಲಿಸುವುದು ಮೇಲು. ಥಾಪ್ಸಿಗಾರ್ಗಿನ್ 1ರಿಂದ 2 ಮೈಕ್ರೋಮೋಲಾರ್ ಕೊಟ್ಟು, ಮೊದಲ ಏರಿಕೆ ತಳಮಟ್ಟಕ್ಕೆ ಮರಳುವವರೆಗೆ ಕಾಯಿರಿ.

ತಡೆ ಪರೀಕ್ಷೆಗೆ (ಚಾನೆಲ್ ಮುಚ್ಚಿ ನೋಡಲು) ಗ್ಯಾಡೊಲಿನಿಯಂ 5 ಮೈಕ್ರೋಮೋಲಾರ್ ಸಾಕು, ಆದರೆ ಫಾಸ್ಫೇಟ್ ಅಥವಾ ಬೈಕಾರ್ಬೊನೇಟ್ ಇದ್ದರೆ ಅದು ಗಷ್ಟಾಗಿ ತಳಕ್ಕಿಳಿಯುತ್ತದೆ, ಇಜಿಟಿಎ ಇದ್ದರೆ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ತಡೆಗೆ ಬಳಸುವ ಇನ್ನೊಂದು ರಾಸಾಯನಿಕ 2-ಎಪಿಬಿ ನಂಬಬೇಡಿ: 5 ಮೈಕ್ರೋಮೋಲಾರ್‌ನಲ್ಲಿ ಹರಿವು ಹೆಚ್ಚಿಸಿ 50ರಲ್ಲಿ ತಡೆಯುತ್ತದೆ.

ಕೋಶಪೊರೆ:
ಎಮ್‌ಚೆರ್ರಿಗೆ ಬದಲಾಯಿಸುತ್ತೇವೆ. ಜೋಡಣೆಯೇ ಆಗುತ್ತಿಲ್ಲವೋ, ಆದರೂ ಗೇಟು ತೆರೆಯುತ್ತಿಲ್ಲವೋ ಎಂದು ತಿಳಿಯುವುದು ಹೇಗೆ?

ಅಯಾನುಮಾರ್ಗ:
ಎರಡು ಮ್ಯುಟೇಶನ್ ಸಾಕು. ಸ್ಟಿಮ್1ರ ಎಫ್394ಎಚ್ (394ನೇ ಫೀನೈಲ್ಅಲನಿನ್ ಬದಲು ಹಿಸ್ಟಿಡಿನ್) ಹೊರಪೊರೆಯ ಬಳಿಗೆ ಬರುತ್ತದೆ, ಓರೈ1 ಹಿಡಿಯುವುದಿಲ್ಲ. ಓರೈ1ರ ಆರ್91ಡಬ್ಲ್ಯೂ (2006ರಲ್ಲಿ ತೀವ್ರ ರೋಗನಿರೋಧಕ ಕೊರತೆಯ ರೋಗಿಗಳಲ್ಲಿ ಕಂಡದ್ದು) ಸ್ಟಿಮ್1 ಜೊತೆ ಸೇರುತ್ತದೆ, ಆದರೆ ತೆರೆಯುವುದಿಲ್ಲ. ಟರ್ಫ್ ಸೂಕ್ಷ್ಮದರ್ಶಕದಲ್ಲಿ (ಹೊರಪೊರೆಯ ಹತ್ತಿರದ ತೆಳುಪದರವನ್ನಷ್ಟೇ ತೋರಿಸುವಂಥದ್ದು) ಸ್ಟಿಮ್1 ಮತ್ತು ಓರೈ1ರ ಚುಕ್ಕೆಗಳು ಒಂದರ ಮೇಲೊಂದು ಕೂತಿದ್ದು ಹರಿವು ಶೂನ್ಯವಿದ್ದರೆ ತೊಂದರೆ ಗೇಟಿನದು.