ಮಗ್ಗದ ಸದ್ದಿನ ಕಲಾಕೃತಿಗೆ ಅರ್ಜಿಯಲ್ಲಿ ಕಾಲಂ ಇಲ್ಲ, ಎಲ್ಲಿಗೆ ಕಳುಹಿಸಲಿ?

ಪ್ರಶ್ನೆ: ಧಾರವಾಡದ ಚಿತ್ರಕಲಾ ವಿದ್ಯಾರ್ಥಿನಿ

ನನ್ನ ಸೋದರಮಾವ ಗುಳೇದಗುಡ್ಡದಲ್ಲಿ ಖಣ ನೇಯುತ್ತಾರೆ. ಅವರ ಮಗ್ಗದ ಸದ್ದನ್ನು ಮೈಕ್ ಹಿಡಿಯುತ್ತದೆ; ಚಿಕ್ಕ ಕಂಪ್ಯೂಟರೊಂದು ಅದನ್ನು ಎದುರಿನ ಗೋಡೆಯ ಮೇಲೆ ಬೆಳಕಿನ ಎಳೆಗಳಾಗಿ ಮೂಡಿಸುತ್ತದೆ. ಲಾಳಿ ನಿಂತರೆ ಬೆಳಕೂ ನಿಲ್ಲುತ್ತದೆ. ಪ್ರೋಗ್ರಾಂ ಬರೆದವನು ನನ್ನ ತಮ್ಮ. ಇದನ್ನು ಒಂದು ಕಲಾ ಪ್ರದರ್ಶನದ ಸ್ಪರ್ಧೆಗೆ ಕಳುಹಿಸಲು ಹೋದರೆ ಅರ್ಜಿಯಲ್ಲಿ ಚಿತ್ರ, ಶಿಲ್ಪ, ಗ್ರಾಫಿಕ್, ಛಾಯಾಚಿತ್ರ ಇಷ್ಟೇ ಇದ್ದವು. ವಿಚಾರಿಸಿದಾಗ, ಫೋಟೊ ತೆಗೆದು ಛಾಯಾಚಿತ್ರ ವಿಭಾಗಕ್ಕೆ ಕಳುಹಿಸಿ ಎಂದರು. ಕಳುಹಿಸಲೇ? ಇಂಥ ಕೆಲಸವನ್ನು ಗುರುತಿಸುವವರು ಬೇರೆ ಯಾರಾದರೂ ಇದ್ದಾರೆಯೇ?

ಉತ್ತರ 1: ಬೆಂಗಳೂರಿನ ವಿಡಿಯೋ ಕಲಾವಿದೆ

ದಯವಿಟ್ಟು ಕಳುಹಿಸಬೇಡಿ. ಸದ್ದನ್ನು ಕಿತ್ತುಹಾಕಿದ ಮೇಲೆ ಅಲ್ಲಿ ನಿಮ್ಮ ಕೃತಿ ಎಲ್ಲಿ ಉಳಿಯಿತು?

ಆಸ್ಟ್ರಿಯಾದ ಲಿಂಜ್ ನಗರದಲ್ಲಿ ಪ್ರಿ ಆರ್ಸ್ ಎಲೆಕ್ಟ್ರಾನಿಕಾ ಎಂಬ ಪ್ರಶಸ್ತಿ 1987ರಿಂದ ಇದೆ. ಶುರುವಾದಾಗ ಕಂಪ್ಯೂಟರ್ ಗ್ರಾಫಿಕ್ಸ್, ಅನಿಮೇಷನ್, ಸಂಗೀತ ಎಂಬ ವಿಭಾಗಗಳಿದ್ದವು. ಇಂಟರ್‌ನೆಟ್ ಬಂದಾಗ ಅದಕ್ಕೂ ಜಾಗ ಮಾಡಿದರು. ಅಲ್ಲಿನ ಉನ್ನತ ಗೌರವವಾದ ಗೋಲ್ಡನ್ ನಿಕಾ 1999ರಲ್ಲಿ ಲಿನಕ್ಸ್ ಎಂಬ ಮುಕ್ತ ತಂತ್ರಾಂಶಕ್ಕೆ, 2004ರಲ್ಲಿ ವಿಕಿಪೀಡಿಯಾಕ್ಕೆ ಸಂದಿತು. ಎರಡೂ ಸಾವಿರಾರು ಜನ ಸೇರಿ ಕಟ್ಟಿದ ಕೆಲಸಗಳು! ನಮ್ಮಲ್ಲಿ ಅರ್ಜಿಯ ಅಳತೆಗೆ ಕೃತಿಯನ್ನೇ ಕತ್ತರಿಸಿ ಎನ್ನುತ್ತಾರೆ. ನನಗೆ ಸಿಟ್ಟು ಬರುವುದು ಇದಕ್ಕೇ.

ನಮ್ಮವರಿಗೆ ಎಟುಕುವುದಿಲ್ಲ ಎಂದುಕೊಳ್ಳಬೇಡಿ. ಮೈಸೂರಿನ ಕಲಾವಿದ ಎನ್. ಎಸ್. ಹರ್ಷ ಅವರಿಗೆ 2008ರಲ್ಲಿ ವೇಲ್ಸ್‌ನ ಆರ್ಟೆಸ್ ಮುಂಡಿ ಪ್ರಶಸ್ತಿ ಬಂತು. ವಿಡಿಯೋ ಮತ್ತು ನೆರಳಿನಾಟವನ್ನು ಬೆಸೆದ ನಳಿನಿ ಮಲಾನಿ ಅವರಿಗೆ 2019ರಲ್ಲಿ ಸ್ಪೇನಿನ ಜುವಾನ್ ಮಿರೋ ಪ್ರಶಸ್ತಿ ಸಂದಿತು. ಆದರೆ ಮಲಾನಿ ಅವರ ಹಿಂದೆ ಹಲವು ದಶಕಗಳ ದುಡಿಮೆಯಿದೆ. ಆದ್ದರಿಂದ ನಿಮಗೆ ಈಗ ಬೇಕಾದದ್ದು ಪ್ರಶಸ್ತಿಗಿಂತ ಮೊದಲು ಅನುದಾನ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಯೋಜನೆಗಳಿಗೆ ಹಣ ಕೊಡುತ್ತದೆ, ಪ್ರಸ್ತಾವವನ್ನು ಕನ್ನಡದಲ್ಲೇ ಬರೆಯಬಹುದು. ಇಂಗ್ಲಿಷಿಗೆ ಹೆದರಿ ಕೈಬಿಟ್ಟ ಎಷ್ಟೋ ಹುಡುಗಿಯರನ್ನು ನೋಡಿದ್ದೇನೆ, ನೀವು ಹಾಗೆ ಮಾಡಬೇಡಿ.

ಉತ್ತರ 2: ಪ್ರದರ್ಶನಗಳಿಗೆ ಧ್ವನಿ, ಬೆಳಕು ಜೋಡಿಸುವವನು

ಮೇಡಂ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ತೀರ್ಪುಗಾರರು ಗುಳೇದಗುಡ್ಡಕ್ಕೆ ಬರುವುದಿಲ್ಲ, ಅವರು ನೋಡುವುದು ನಿಮ್ಮ ವಿಡಿಯೋ ಮಾತ್ರ. ಮಗ್ಗ, ಗೋಡೆ ಎರಡೂ ಒಂದೇ ಚೌಕಟ್ಟಿನಲ್ಲಿ ಕಾಣಲಿ. ನಡುವೆ ಕತ್ತರಿಸದೆ ಚಿತ್ರೀಕರಿಸಿ. ಹಿನ್ನೆಲೆ ಸಂಗೀತ ಬೇಡವೇ ಬೇಡ. ಮಾವ ಕೈ ತಡೆದಾಗ ಬೆಳಕು ನಿಲ್ಲುವ ಕ್ಷಣ ಅದರಲ್ಲಿ ಇರಲೇಬೇಕು. ಪ್ರೋಗ್ರಾಂನ ಪ್ರತಿಯನ್ನೂ ಬಳಸಿದ ಬಿಡಿಭಾಗಗಳ ಪಟ್ಟಿಯನ್ನೂ ಜೋಪಾನವಾಗಿಡಿ. ಮೈಕ್ ಕೆಟ್ಟ ದಿನ ಅವೇ ಕೃತಿಯನ್ನು ಉಳಿಸುತ್ತವೆ.

ಇನ್ನೊಂದು ವಿಷಯ, ನನ್ನಂಥವರ ಪರವಾಗಿ. ಮಾವ ಮತ್ತು ತಮ್ಮನ ಹೆಸರು ನಿಮ್ಮ ಹೆಸರಿನ ಪಕ್ಕದಲ್ಲೇ, ಅದೇ ಗಾತ್ರದಲ್ಲಿ ಬರಲಿ. ವೈರು ಎಳೆದವರು, ಪ್ರೋಗ್ರಾಂ ಬರೆದವರು ಕೊನೆಯ ಸಾಲಿನ ಕೃತಜ್ಞತೆಯಲ್ಲಿ ಕಳೆದುಹೋಗುವುದನ್ನು ಬಹಳ ನೋಡಿದ್ದೇನೆ.

ಪ್ರಶ್ನೆ ಕೇಳಿದವಳು:

ಇಬ್ಬರಿಗೂ ಧನ್ಯವಾದಗಳು. ಛಾಯಾಚಿತ್ರ ಕಳುಹಿಸುವುದಿಲ್ಲ. ಮೂವರ ಹೆಸರೂ ಹಾಕುತ್ತೇನೆ. ಮಾವನಿಗೆ ಫೋನಿನಲ್ಲಿ ಹೇಳಿದೆ, ಒಪ್ಪಿದರು. ಪ್ರಸ್ತಾವದ ಕರಡನ್ನು ಈ ವಾರ ಇಲ್ಲೇ ಹಾಕುತ್ತೇನೆ, ಓದಿ ತಿದ್ದುವಿರಾ? ಹುಬ್ಬಳ್ಳಿಯಲ್ಲಾಗಲಿ ಬಾಗಲಕೋಟೆಯಲ್ಲಾಗಲಿ ಒಳ್ಳೆಯ ಪ್ರೊಜೆಕ್ಟರ್ ಬಾಡಿಗೆಗೆ ಕೊಡುವವರು ಗೊತ್ತಿದ್ದರೆ ತಿಳಿಸಿ.