ವಿಶೇಷ ಶಿಕ್ಷಣದ ಹಿರಿಯ ಪ್ರಾಧ್ಯಾಪಕರ ನೇಮಕಾತಿ: ಅಧಿಸೂಚನೆಯಲ್ಲಿ ಏನೇನು ಇರಬೇಕು?

ಪ್ರಶ್ನೆ (ಶಿಕ್ಷಣ ವಿಭಾಗದ ಅಧ್ಯಾಪಕಿ)

ಮಾನ್ಯರೇ, ನಾನು ರಾಜ್ಯದ ವಿಶ್ವವಿದ್ಯಾಲಯವೊಂದರ ಶಿಕ್ಷಣ ವಿಭಾಗದಲ್ಲಿದ್ದೇನೆ. ನಮ್ಮಲ್ಲಿ ವಿಶೇಷ ಶಿಕ್ಷಣದ, ಅಂದರೆ ವಿಕಲಚೇತನ ಮಕ್ಕಳಿಗೆ ಕಲಿಸುವ ಶಿಕ್ಷಕರನ್ನು ತಯಾರು ಮಾಡುವ, ಬಿ.ಎಡ್. ಕೋರ್ಸು ನಡೆಯುತ್ತಿದೆ. ಎಂ.ಎಡ್. ಆರಂಭಿಸಿ, ಪಿಎಚ್.ಡಿ. ಸಂಶೋಧನೆಗೂ ದಾರಿ ಮಾಡಿಕೊಡಬೇಕೆಂಬ ಉದ್ದೇಶದಿಂದ ಒಂದು ಪ್ರಾಧ್ಯಾಪಕ ಹುದ್ದೆ ಮಂಜೂರಾಗಿದ್ದು, ಅದರ ಅಧಿಸೂಚನೆಯ ಕರಡನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ.

ಹಿಂದೆ ಇದೇ ಹುದ್ದೆಗೆ ಅರ್ಜಿ ಕರೆದಾಗ ಅರ್ಹತೆಯ ಕಲಮಿನಲ್ಲಿ "ಶಿಕ್ಷಣ ಅಥವಾ ಸಂಬಂಧಿತ ವಿಷಯದಲ್ಲಿ ಪಿಎಚ್.ಡಿ." ಎಂದಷ್ಟೇ ಇತ್ತು. ಬಂದ ಅರ್ಜಿಗಳಲ್ಲಿ ಹೆಚ್ಚಿನವು ಸಾಮಾನ್ಯ ಶಿಕ್ಷಣಶಾಸ್ತ್ರದವರವು. ವಿಶೇಷ ಶಿಕ್ಷಣದಲ್ಲಿ ಪರಿಣತಿಯುಳ್ಳವರು ಕೆಲವರು ಅರ್ಜಿ ಹಾಕಿದ್ದರೂ, ಅವರಲ್ಲಿ ಒಬ್ಬರ ಸೇವಾನುಭವ ವಿಶ್ವವಿದ್ಯಾಲಯದ್ದಲ್ಲ, ರಾಷ್ಟ್ರೀಯ ಸಂಸ್ಥೆಯದು ಎಂಬ ಆಕ್ಷೇಪ ಎದ್ದಿತು. ಕೊನೆಗೆ ಯಾರನ್ನೂ ಆಯ್ಕೆ ಮಾಡದೆ ಪ್ರಕ್ರಿಯೆ ನಿಂತುಹೋಯಿತು. ಈ ಬಾರಿ ಹಾಗಾಗಬಾರದು. ನಮ್ಮ ವಿದ್ಯಾರ್ಥಿಗಳು ಪದವಿ ಮುಗಿಸಿ ಶಾಲೆಗಳಿಗೆ ಹೋಗುವವರು. ಅವರನ್ನು ತಿದ್ದುವ ಹಿರಿಯರೊಬ್ಬರು ವಿಭಾಗದಲ್ಲಿ ಇಲ್ಲದಿರುವುದರ ನಷ್ಟವನ್ನು ಅಂತಿಮವಾಗಿ ಅನುಭವಿಸುವವರು ಆ ಶಾಲೆಗಳ ಮಕ್ಕಳು.

ಅರ್ಹತೆಯನ್ನು ಹೇಗೆ ಬರೆದರೆ ಯೋಗ್ಯರು ಹೊರಗುಳಿಯದೆ, ವಿಷಯಕ್ಕೆ ಸಂಬಂಧವಿಲ್ಲದವರು ಒಳಗೆ ಬರದೆ ಇರುತ್ತಾರೆ? ವಿಶೇಷ ಶಿಕ್ಷಕರನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯನ್ನು ಕಡ್ಡಾಯ ಮಾಡಬಹುದೇ? ಸಂದರ್ಶನದಲ್ಲಿ ಏನನ್ನು ನೋಡಬೇಕು? ಇಂತಹ ನೇಮಕಾತಿಯಲ್ಲಿ ಭಾಗವಹಿಸಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 (ನೇಮಕಾತಿ ಶಾಖೆಯ ನಿವೃತ್ತ ಅಧಿಕಾರಿ)

ಮೇಡಂ, ಮೊದಲು ಹುದ್ದೆ ಯಾವುದೆಂಬುದನ್ನು ಖಚಿತಪಡಿಸಿಕೊಳ್ಳಿ. ತಾವು ಶೀರ್ಷಿಕೆಯಲ್ಲಿ ಹಿರಿಯ ಪ್ರಾಧ್ಯಾಪಕರು ಎಂದಿದ್ದೀರಿ, ಒಳಗೆ ಪ್ರಾಧ್ಯಾಪಕ ಹುದ್ದೆ ಎಂದಿದ್ದೀರಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿ ಇವು ಬೇರೆ ಬೇರೆ. ಪ್ರಾಧ್ಯಾಪಕರದು 14ನೇ ಶೈಕ್ಷಣಿಕ ವೇತನ ಹಂತ, ಆರಂಭಿಕ ಮೂಲವೇತನ 1,44,200 ರೂಪಾಯಿ. ಹಿರಿಯ ಪ್ರಾಧ್ಯಾಪಕರದು 15ನೇ ಹಂತ, 1,82,200 ರೂಪಾಯಿ. ಎರಡನೆಯದಕ್ಕೆ ಪ್ರಾಧ್ಯಾಪಕರಾಗಿಯೇ ಹತ್ತು ವರ್ಷ ಸೇವೆ ಸಲ್ಲಿಸಿರಬೇಕು, ಕಳೆದ ಹತ್ತು ವರ್ಷಗಳಲ್ಲಿ ತಮ್ಮ ಮಾರ್ಗದರ್ಶನದಲ್ಲಿ ಕನಿಷ್ಠ ಇಬ್ಬರಿಗೆ ಪಿಎಚ್.ಡಿ. ದೊರೆತಿರಬೇಕು, ಅತ್ಯುತ್ತಮ ಹತ್ತು ಪ್ರಕಟಣೆಗಳನ್ನು ಒಪ್ಪಿಸಬೇಕು, ಮೂವರು ವಿಷಯ ತಜ್ಞರ ಅನುಕೂಲ ಅಭಿಪ್ರಾಯ ಬರಬೇಕು. ಅಲ್ಲದೆ ಮಂಜೂರಾದ ಪ್ರಾಧ್ಯಾಪಕ ಹುದ್ದೆಗಳ ಶೇಕಡ 10ರಷ್ಟು ಮಾತ್ರ ಇಂತಹ ಹುದ್ದೆಗಳಿರಬಹುದು. ವಿಶೇಷ ಶಿಕ್ಷಣದಲ್ಲಿ ಈ ಎಲ್ಲವನ್ನೂ ಪೂರೈಸುವವರು ದೇಶದಲ್ಲೇ ವಿರಳ. ಮಂಜೂರಾತಿ ಪ್ರಾಧ್ಯಾಪಕ ಹುದ್ದೆಗಾದರೆ ಅದನ್ನೇ ಬರೆಯಿರಿ, ಅದಕ್ಕಿಂತ ಮೇಲಿನ ಷರತ್ತುಗಳನ್ನು ಸೇರಿಸಬೇಡಿ.

ಪ್ರಾಧ್ಯಾಪಕ ಹುದ್ದೆಗೆ ನೇರ ನೇಮಕಾತಿಯಲ್ಲಿ ಎರಡು ದಾರಿಗಳಿವೆ. ಒಂದರಲ್ಲಿ ಪಿಎಚ್.ಡಿ., ಕನಿಷ್ಠ ಹತ್ತು ಸಂಶೋಧನಾ ಪ್ರಕಟಣೆ, 120 ಸಂಶೋಧನಾ ಅಂಕ (ಪ್ರಕಟಣೆ ಮುಂತಾದ ಸಂಶೋಧನಾ ಕೆಲಸಕ್ಕೆ ಯುಜಿಸಿ ಕೋಷ್ಟಕದಂತೆ ಸಿಗುವ ಅಂಕ), ಹತ್ತು ವರ್ಷಗಳ ಬೋಧನಾನುಭವ ಮತ್ತು ಪಿಎಚ್.ಡಿ. ಮಾರ್ಗದರ್ಶನ ಯಶಸ್ವಿಯಾಗಿ ನಡೆಸಿದ ಪುರಾವೆ ಬೇಕು. ಆ ದಾರಿಯಲ್ಲೇ "ವಿಶ್ವವಿದ್ಯಾಲಯ ಅಥವಾ ರಾಷ್ಟ್ರಮಟ್ಟದ ಸಂಸ್ಥೆಗಳಲ್ಲಿ ಸಮಾನ ಹಂತದ ಸಂಶೋಧನಾನುಭವ"ಕ್ಕೂ ಅವಕಾಶವಿದೆ. ಇನ್ನೊಂದು ದಾರಿ, ಪಿಎಚ್.ಡಿ. ಜೊತೆಗೆ ಹತ್ತು ವರ್ಷಗಳ ಅನುಭವವಿದ್ದು, ವಿಷಯದ ಜ್ಞಾನಕ್ಕೆ ಗಣನೀಯ ಕೊಡುಗೆ ನೀಡಿದ ವೃತ್ತಿಪರರದು. ಹಿಂದಿನ ಸಲ ತಮ್ಮಲ್ಲಿ ಎದ್ದ ಆಕ್ಷೇಪಕ್ಕೆ ಉತ್ತರ ಇಲ್ಲಿಯೇ ಇತ್ತು. ಅಧಿಸೂಚನೆ ಎರಡೂ ದಾರಿಗಳನ್ನು ಪೂರ್ಣವಾಗಿ ಉಲ್ಲೇಖಿಸಿದ್ದರೆ ಆ ಅರ್ಜಿದಾರರನ್ನು ಸುಲಭವಾಗಿ ಬದಿಗಿಡಲು ಬರುತ್ತಿರಲಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಸಿಕಂದರಾಬಾದಿನ ಬೌದ್ಧಿಕ ವಿಕಲತೆಯ ರಾಷ್ಟ್ರೀಯ ಸಂಸ್ಥೆ, ಮುಂಬಯಿಯ ಅಲಿ ಯಾವರ್ ಜಂಗ್ ಸಂಸ್ಥೆ, ಡೆಹ್ರಾಡೂನಿನ ದೃಷ್ಟಿ ವಿಕಲತೆಯ ಸಂಸ್ಥೆ ಮುಂತಾದೆಡೆ ಇರುವವರೇ ತಮಗೆ ಸಿಗಬಹುದಾದ ಅತ್ಯುತ್ತಮ ಅಭ್ಯರ್ಥಿಗಳು. ಅಲ್ಲಿನ ಹುದ್ದೆಯ ಹೆಸರು ವಿಶ್ವವಿದ್ಯಾಲಯದ ಹುದ್ದೆಯ ಹೆಸರಿಗೆ ಹೊಂದದೆ ಹೋದರೆ, ವೇತನ ಹಂತದ ಆಧಾರದ ಮೇಲೆ ಸಂಸ್ಥೆಯ ಮುಖ್ಯಸ್ಥರಿಂದ ಸಮಾನತೆಯ ಪ್ರಮಾಣಪತ್ರ ತರಲು ಅಧಿಸೂಚನೆಯಲ್ಲಿಯೇ ತಿಳಿಸಿ.

ಇನ್ನು ತಾವು ಕೇಳಿದ ಮುಖ್ಯ ವಿಷಯ. 2018ರ ನಿಯಮಾವಳಿಯ ಆರಂಭದಲ್ಲಿಯೇ, ವೈದ್ಯಕೀಯ, ಕೃಷಿ, ತಾಂತ್ರಿಕ ಶಿಕ್ಷಣ ಮುಂತಾದವುಗಳ ಜೊತೆ ವಿಶೇಷ ಶಿಕ್ಷಣವನ್ನೂ ಹೆಸರಿಸಿ, ಈ ಕ್ಷೇತ್ರಗಳಲ್ಲಿ ಸಂಸತ್ತಿನ ಕಾಯ್ದೆಯಿಂದ ಸ್ಥಾಪಿತವಾದ ಪ್ರಾಧಿಕಾರವು ಗೊತ್ತುಪಡಿಸಿದ ಮಾನದಂಡಗಳೇ ಮೇಲುಗೈ ಪಡೆಯುತ್ತವೆ ಎಂದು ಹೇಳಲಾಗಿದೆ. ಅಂತಹ ಮಾನದಂಡ ಇಲ್ಲದ ಕಡೆ ಮಾತ್ರ ಯುಜಿಸಿಯ ಅರ್ಹತೆಗಳು ಅನ್ವಯವಾಗುತ್ತವೆ. ವಿಶೇಷ ಶಿಕ್ಷಣಕ್ಕೆ ಆ ಪ್ರಾಧಿಕಾರ 1992ರ ಕಾಯ್ದೆಯ ಭಾರತೀಯ ಪುನರ್ವಸತಿ ಪರಿಷತ್ತು. ಆದ್ದರಿಂದ ಕೇಂದ್ರೀಯ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ಹೆಸರಿದ್ದು, ನೋಂದಣಿ ಚಾಲ್ತಿಯಲ್ಲಿರಬೇಕು ಎಂಬುದನ್ನು ಕಡ್ಡಾಯ ಅರ್ಹತೆಯಾಗಿಯೇ ಬರೆಯಿರಿ. "ಅಪೇಕ್ಷಣೀಯ" ಎಂಬ ಕಲಮಿಗೆ ಅದನ್ನು ತಳ್ಳಬೇಡಿ. ಎಂ.ಎಡ್.ಗೆ ಮಾನ್ಯತೆ ಕೇಳಿದಾಗ ಪರಿಷತ್ತಿನ ಪರಿಶೀಲನಾ ತಂಡ ನೋಡುವುದು ಅಧ್ಯಾಪಕರ ಪದವಿ, ಪರಿಣತಿಯ ಕ್ಷೇತ್ರ ಮತ್ತು ನೋಂದಣಿಯನ್ನೇ. ಅರ್ಹತೆಯನ್ನು ಅರ್ಜಿ ಸಲ್ಲಿಕೆಯ ಕೊನೆಯ ದಿನಾಂಕಕ್ಕೆ ಅನ್ವಯಿಸಿ ನೋಡಲಾಗುವುದು ಎಂಬ ವಾಕ್ಯವೂ ಇರಲಿ. ನೋಂದಣಿ ನವೀಕರಿಸದೆ ಬಿಟ್ಟವರಿಂದ ಮುಂದೆ ಬರುವ ತಕರಾರುಗಳು ಇದರಿಂದ ತಪ್ಪುತ್ತವೆ.

ಸಂಶೋಧನಾ ಅಂಕ ಲೆಕ್ಕ ಹಾಕುವಾಗ ಒಂದು ಎಚ್ಚರಿಕೆ ಬೇಕು. ವಿಜ್ಞಾನ, ವೈದ್ಯಕೀಯ ವಿಭಾಗಗಳಲ್ಲಿ ಒಂದು ಲೇಖನಕ್ಕೆ 8 ಅಂಕ, ಶಿಕ್ಷಣ ಹಾಗೂ ಸಮಾಜವಿಜ್ಞಾನಗಳಲ್ಲಿ 10. ವಾಕ್ ಶ್ರವಣ ಕ್ಷೇತ್ರದಿಂದ ಬರುವವರನ್ನು ಯಾವ ಕಲಮಿನಲ್ಲಿ ಲೆಕ್ಕ ಹಾಕಬೇಕೆಂಬುದು ಪರಿಶೀಲನಾ ಸಮಿತಿಯಲ್ಲಿ ಚರ್ಚೆಯಾಗದಂತೆ ಮೊದಲೇ ತೀರ್ಮಾನಿಸಿ. ಹುದ್ದೆ ಶಿಕ್ಷಣ ನಿಕಾಯದ್ದಾದ್ದರಿಂದ ಎಲ್ಲರಿಗೂ ಶಿಕ್ಷಣದ ಕಲಮೇ ನ್ಯಾಯವೆಂದು ನನ್ನ ಅಭಿಪ್ರಾಯ.

ಉತ್ತರ 2 (ಕೇಂದ್ರ ಸರ್ಕಾರದ ಸಂಸ್ಥೆಯೊಂದರ ಪ್ರಾಧ್ಯಾಪಕ)

ಮೇಲಿನವರು ಹೇಳಿದ್ದು ಸರಿಯಾಗಿದೆ. ಆದರೆ ನಮ್ಮಂತಹವರು ಅರ್ಜಿ ಹಾಕುತ್ತೇವೆಯೇ ಎಂಬುದು ಬೇರೆ ಪ್ರಶ್ನೆ, ಅದನ್ನು ವಿಶ್ವವಿದ್ಯಾಲಯಗಳು ಬಹುಮಟ್ಟಿಗೆ ಯೋಚಿಸುವುದಿಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕರ ನಿವೃತ್ತಿ ವಯಸ್ಸು 65, ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ 62. ಐವತ್ತೆಂಟರ ಹಿರಿಯರೊಬ್ಬರು ತಮ್ಮಲ್ಲಿಗೆ ಬಂದರೆ ಅವರಿಗೆ ಸಿಗುವುದು ನಾಲ್ಕು ವರ್ಷ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಅವಧಿ ಉಳಿದವರು ಹೊಸ ಸಂಶೋಧನಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ ಎಂದು ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿ ಹೇಳುತ್ತದೆ. ಅಂದರೆ ಸಂಶೋಧನೆ ಬೆಳೆಸಲೆಂದು ಕರೆತಂದವರು ಒಂದು ವರ್ಷದ ನಂತರ ಹೊಸಬರಿಗೆ ಮಾರ್ಗದರ್ಶನ ಕೊಡಲಾರರು. ಹಾಗಾಗಿ ನಲವತ್ತೈದರಿಂದ ಐವತ್ತೆರಡರ ಒಳಗಿನವರು, ಈಗ ಸಹ ಪ್ರಾಧ್ಯಾಪಕರಾಗಿರುವವರು, ತಮ್ಮ ಅಧಿಸೂಚನೆಯನ್ನು ನೋಡುವಂತೆ ಮಾಡಿ. ಪ್ರಾಧ್ಯಾಪಕರೊಬ್ಬರು ಏಕಕಾಲಕ್ಕೆ ಎಂಟು ಮಂದಿಗೆ ಮಾರ್ಗದರ್ಶನ ನೀಡಬಹುದಾದ್ದರಿಂದ ಹತ್ತು ವರ್ಷ ಉಳಿಯುವವರಿಂದ ವಿಭಾಗವೇ ಬೆಳೆಯುತ್ತದೆ.

ಇನ್ನೆರಡು ವಿಷಯಗಳು. ವೇತನ ರಕ್ಷಣೆ ಇದೆಯೇ, ಹಿಂದಿನ ಸೇವೆ ಪಿಂಚಣಿಗೆ ಪರಿಗಣನೆಯಾಗುತ್ತದೆಯೇ ಎಂಬುದನ್ನು ಅಧಿಸೂಚನೆಯಲ್ಲಿ ಹೇಳದಿದ್ದರೆ ಕೆಲಸದಲ್ಲಿರುವವರು ಅರ್ಜಿ ಹಾಕುವುದೇ ಇಲ್ಲ. ನಿರಾಕ್ಷೇಪಣಾ ಪತ್ರವನ್ನು ಅರ್ಜಿಯ ಜೊತೆಯಲ್ಲೇ ಕೊಡಬೇಕೆಂದು ಒತ್ತಾಯಿಸಬೇಡಿ, ಸಂದರ್ಶನದ ಸಮಯಕ್ಕೆ ತಂದರೆ ಸಾಕು ಎನ್ನಿ; ಕಚೇರಿಗಳಲ್ಲಿ ಆ ಪತ್ರ ಕೈಗೆ ಬರುವಷ್ಟರಲ್ಲಿ ಕೊನೆಯ ದಿನಾಂಕ ಕಳೆದಿರುತ್ತದೆ.

ಉತ್ತರ 3 (ವಿಶೇಷ ಶಿಕ್ಷಕರ ತರಬೇತಿಯಲ್ಲಿ ತೊಡಗಿರುವವರು)

ಅರ್ಹತೆಯ ಬಗ್ಗೆ ಹಿರಿಯರು ಹೇಳಿದ್ದಾರೆ. ನಾನು ಸಂದರ್ಶನದ ಬಗ್ಗೆ ಮಾತ್ರ ಬರೆಯುತ್ತೇನೆ.

ಪ್ರಕಟಣೆಗಳ ಪಟ್ಟಿಯನ್ನು ನೋಡಿ ಮುಗಿಸುವ ಸಂದರ್ಶನದಿಂದ ಈ ಹುದ್ದೆಗೆ ಸರಿಯಾದವರು ಸಿಗುವುದಿಲ್ಲ. ಅಭ್ಯರ್ಥಿಯ ಮುಂದೆ ಒಂದು ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆಯನ್ನು ಇಡಿ, ಹೆಸರು ವಿವರಗಳನ್ನು ತೆಗೆದುಹಾಕಿದ್ದು. ಉದಾಹರಣೆಗೆ, ಮೂರನೆಯ ತರಗತಿಯ ಮಗು. "ಕತ್ತೆ" ಎಂಬುದನ್ನು "ಕತೆ" ಎಂದು, "ಬಳ್ಳಿ"ಯನ್ನು "ಬಳಿ" ಎಂದು ಓದುತ್ತದೆ, ಹ್ರಸ್ವ ದೀರ್ಘಗಳಲ್ಲಿ ತಡವರಿಸುತ್ತದೆ, ಆದರೆ ಕೇಳಿದ ಕಥೆಯನ್ನು ಚೊಕ್ಕವಾಗಿ ತಿರುಗಿ ಹೇಳುತ್ತದೆ. ಯೋಜನೆಯಲ್ಲಿ ಗುರಿ ಎಂದು ಬರೆದಿರುವುದು "ಮಗುವು ಒತ್ತಕ್ಷರಗಳನ್ನು ಕಲಿಯುವುದು" ಎಂದಷ್ಟೇ. ಇದನ್ನು ತಿದ್ದಿಕೊಡಿ ಎಂದು ಕೇಳಿ. ಕ್ಷೇತ್ರ ಬಲ್ಲವರು ತಕ್ಷಣ, ಸಜಾತೀಯ ಒತ್ತಿನಿಂದ ಶುರುಮಾಡಬೇಕು, ವಿಜಾತೀಯ ಒತ್ತು ಆಮೇಲೆ, ಹತ್ತು ಪದಗಳಲ್ಲಿ ಎಂಟನ್ನು ಚಿತ್ರದ ನೆರವಿಲ್ಲದೆ ಸತತ ಮೂರು ದಿನ ಸರಿಯಾಗಿ ಓದಿದರೆ ಗುರಿ ಮುಟ್ಟಿದಂತೆ ಎಂದು ಅಳೆಯಬಹುದಾದ ಮಾತಿನಲ್ಲಿ ಬರೆಯುತ್ತಾರೆ. ಕಿವಿಯ ಪರೀಕ್ಷೆ ಆಗಿದೆಯೇ, ಮನೆಮಾತು ಯಾವುದು ಎಂದೂ ಕೇಳುತ್ತಾರೆ. ಅಂತಹವರು ನಾಳೆ ಬಿ.ಎಡ್. ವಿದ್ಯಾರ್ಥಿಯ ಪಾಠಯೋಜನೆಯನ್ನೂ ಅದೇ ಕಣ್ಣಿನಿಂದ ನೋಡುತ್ತಾರೆ.

ಕನ್ನಡದ ಮಾತನ್ನು ಬೇಕೆಂದೇ ಎತ್ತಿದ್ದೇನೆ. ಇಂಗ್ಲಿಷ್ ಓದುವ ಮಕ್ಕಳಿಗೆಂದು ರೂಪಿಸಿದ ಪರೀಕ್ಷೆಗಳು ಗುಣಿತಾಕ್ಷರ, ಒತ್ತಕ್ಷರಗಳ ತೊಡಕುಗಳನ್ನು ಹಿಡಿಯಲಾರವು. ಕಲಿಕಾ ನ್ಯೂನತೆಯನ್ನು ಗುರುತಿಸಲು ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ಸಿದ್ಧಪಡಿಸಿದ ಡಾಲಿ ಎಂಬ ಸಾಧನವು ಹಿಂದಿ, ಮರಾಠಿ, ಇಂಗ್ಲಿಷ್‌ಗಳ ಜೊತೆ ಕನ್ನಡದಲ್ಲಿಯೂ ಇದೆ. ಆದರೆ ಇಂತಹ ಕೆಲಸ ಇನ್ನೂ ಬಹಳ ಆಗಬೇಕಿದೆ, ಅದನ್ನು ಮಾಡಬಲ್ಲವರನ್ನು ಹುಡುಕುವುದು ನಮ್ಮ ವಿಶ್ವವಿದ್ಯಾಲಯಗಳ ಕೆಲಸ. ಒಂದು ಪರೀಕ್ಷಾ ಸಾಧನವನ್ನು ಪ್ರಮಾಣೀಕರಿಸಲು ವರ್ಷಗಳೇ ಹಿಡಿಯುತ್ತವೆ. ಅದಕ್ಕೆ ಸಂಶೋಧನಾ ಅಂಕಗಳ ಕೋಷ್ಟಕದಲ್ಲಿ ಪ್ರತ್ಯೇಕ ಶೀರ್ಷಿಕೆ ಇಲ್ಲ. ಆದ್ದರಿಂದ ಸಂದರ್ಶನದಲ್ಲಿ ತಜ್ಞರು ಅದನ್ನು ಕೇಳಿ ತಿಳಿದು ತೂಗಬೇಕು. ಅಭ್ಯರ್ಥಿಗೆ ಕನ್ನಡ ಬರದಿದ್ದರೂ ಆಯ್ಕೆ ಮಾಡಬಾರದೆಂದು ನಾನು ಹೇಳುವುದಿಲ್ಲ. ಕನ್ನಡದ ಮಕ್ಕಳ ನಡುವೆ ಕೆಲಸ ಮಾಡಲು ಏನು ಸಿದ್ಧತೆ ಮಾಡಿಕೊಳ್ಳುತ್ತಾರೆ ಎಂದು ಕೇಳಲೇಬೇಕು.

ವಿಷಯ ತಜ್ಞರ ಆಯ್ಕೆಯ ಬಗ್ಗೆಯೂ ಒಂದು ಮಾತು. ಯುಜಿಸಿ ನಿಯಮದ ಆಯ್ಕೆ ಸಮಿತಿಯಲ್ಲಿ ಮೂವರು ವಿಷಯ ತಜ್ಞರಿರುತ್ತಾರೆ. ಕೋರಂಗೆ ಬೇಕಾದ ನಾಲ್ವರಲ್ಲಿ ಇಬ್ಬರು ಹೊರಗಿನ ವಿಷಯ ತಜ್ಞರಾಗಿರಲೇಬೇಕು. ಆ ಮೂವರೂ ಸಾಮಾನ್ಯ ಶಿಕ್ಷಣಶಾಸ್ತ್ರದವರಾಗಿದ್ದರೆ, ಅಧಿಸೂಚನೆಯನ್ನು ಎಷ್ಟೇ ಎಚ್ಚರದಿಂದ ಬರೆದಿದ್ದರೂ ಪ್ರಯೋಜನವಾಗದು. ತಜ್ಞರ ಪಟ್ಟಿ ಅನುಮೋದನೆಗೆ ಹೋಗುವಾಗಲೇ ವಿಶೇಷ ಶಿಕ್ಷಣದ ಪ್ರಾಧ್ಯಾಪಕರ ಹೆಸರುಗಳನ್ನು ಸೇರಿಸಿ.

ಇದೆಲ್ಲ ಏಕೆ ತುರ್ತು ಎಂಬುದನ್ನು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿಗೆ ತಿಳಿಸಬೇಕಾದರೆ 2021ರ ಅಕ್ಟೋಬರಿನ ಸುಪ್ರೀಂ ಕೋರ್ಟ್ ತೀರ್ಪನ್ನು ಉಲ್ಲೇಖಿಸಿ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ನ್ಯಾಯಾಲಯವು ವಿಶೇಷ ಅಗತ್ಯದ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಹತ್ತು ಮಕ್ಕಳಿಗೆ ಒಬ್ಬರು, ಮೇಲಿನ ಹಂತಗಳಲ್ಲಿ ಹದಿನೈದು ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕೆಂಬ ಅನುಪಾತವನ್ನು ಸೂಚಿಸಿತು. ವಿಕಲಚೇತನರ ಹಕ್ಕುಗಳಿಗೆ ಸಂಬಂಧಿಸಿದ 1995ರ ಕಾಯ್ದೆ ಗುರುತಿಸಿದ್ದು 7 ಬಗೆಯ ವಿಕಲತೆಗಳನ್ನು, ಅದರ ಬದಲಿಗೆ ಬಂದ 2016ರ ಕಾಯ್ದೆ 21 ಬಗೆಗಳನ್ನು. ಅಷ್ಟು ಶಿಕ್ಷಕರನ್ನು ತಯಾರು ಮಾಡುವವರನ್ನು ತಯಾರು ಮಾಡುವುದು ಈ ಹುದ್ದೆಯ ಕೆಲಸ.

ಉತ್ತರ 4 (ದೃಷ್ಟಿದೋಷವುಳ್ಳ ಸಹ ಪ್ರಾಧ್ಯಾಪಕ)

ಇಲ್ಲಿ ಯಾರೂ ಹೇಳದ ಒಂದು ವಿಷಯವನ್ನು ಸೇರಿಸುತ್ತೇನೆ. ಈ ಹುದ್ದೆಗೆ ಅರ್ಜಿ ಹಾಕುವವರಲ್ಲಿ ನನ್ನಂತಹವರೂ ಇರುತ್ತಾರೆ. ಅಧಿಸೂಚನೆಯನ್ನು ಮುದ್ರಿಸಿ, ಸಹಿ ಮೊಹರು ಹಾಕಿ, ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಏರಿಸಿದರೆ ನಮ್ಮ ಸ್ಕ್ರೀನ್ ರೀಡರಿಗೆ ಅದು ಬರಿಯ ಚಿತ್ರ, ಒಂದು ಅಕ್ಷರವನ್ನೂ ಓದುವುದಿಲ್ಲ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಕಡತವಾದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲುಗಳನ್ನು ಓದುತ್ತದೆ. ಯೂನಿಕೋಡಿನಲ್ಲಿ ಬರೆದ ಪಠ್ಯವನ್ನೂ ಜೊತೆಗೆ ಹಾಕಿ. ಅರ್ಜಿ ಪುಟದಲ್ಲಿ ಚಿತ್ರದ ಕ್ಯಾಪ್ಚಾ ಇದ್ದರೆ ಧ್ವನಿಯ ಆಯ್ಕೆಯೂ ಇರಲಿ.

ಶ್ರವಣದೋಷವುಳ್ಳ ಅಭ್ಯರ್ಥಿ ಕೇಳಿದರೆ ಸಂಜ್ಞಾಭಾಷೆಯ ದುಭಾಷಿಯನ್ನು ವಿಶ್ವವಿದ್ಯಾಲಯವೇ ಒದಗಿಸುತ್ತದೆ ಎಂಬ ಮಾತು ಅಧಿಸೂಚನೆಯಲ್ಲಿರಲಿ. 2016ರ ಕಾಯ್ದೆಯ 20ನೇ ಕಲಂ ಉದ್ಯೋಗದಲ್ಲಿ ತಾರತಮ್ಯವನ್ನು ನಿಷೇಧಿಸಿ, ಸೂಕ್ತ ಅನುಕೂಲ ಒದಗಿಸಬೇಕೆನ್ನುತ್ತದೆ. 34ನೇ ಕಲಂ ಶೇಕಡ 4ರ ಮೀಸಲಾತಿಯನ್ನು ನೀಡುತ್ತದೆ. ವಿಕಲಚೇತನ ಅಭ್ಯರ್ಥಿ ಇದ್ದು, ಸಮಿತಿಯ ಸದಸ್ಯರಲ್ಲಿ ಆ ವರ್ಗದವರು ಯಾರೂ ಇಲ್ಲದಿದ್ದರೆ ಅಂತಹ ಒಬ್ಬ ಶಿಕ್ಷಣತಜ್ಞರನ್ನು ಸೇರಿಸಬೇಕೆಂದು ಯುಜಿಸಿ ನಿಯಮವೇ ಹೇಳುತ್ತದೆ. ಬೇರೆ ವಿಭಾಗಗಳು ಇದನ್ನು ಮರೆತರೆ ಬೇಸರವಾಗುತ್ತದೆ. ವಿಶೇಷ ಶಿಕ್ಷಣದ ವಿಭಾಗ ಮರೆತರೆ ಅದನ್ನು ಒಪ್ಪಲಾಗದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಹುದ್ದೆಯನ್ನು ಪ್ರಾಧ್ಯಾಪಕ ಹುದ್ದೆ ಎಂದೇ ಉಳಿಸಿಕೊಂಡು, ಅರ್ಹತೆಯ ಎರಡೂ ದಾರಿಗಳನ್ನು ಪೂರ್ಣವಾಗಿ ಬರೆದು, ಪರಿಷತ್ತಿನ ಚಾಲ್ತಿ ನೋಂದಣಿಯನ್ನು ಕಡ್ಡಾಯಗೊಳಿಸಿ ಕರಡನ್ನು ತಿದ್ದಿದ್ದೇನೆ. ತಜ್ಞರ ಪಟ್ಟಿಯ ವಿಷಯವನ್ನು ಕುಲಸಚಿವರ ಗಮನಕ್ಕೆ ತಂದಿದ್ದೇನೆ. ವೇತನ ರಕ್ಷಣೆಯ ಬಗ್ಗೆ ಹಣಕಾಸು ಅಧಿಕಾರಿಗಳ ಒಪ್ಪಿಗೆ ಇನ್ನೂ ಬರಬೇಕಿದೆ. ಯೂನಿಕೋಡ್ ಪಠ್ಯವನ್ನು ಪ್ರಕಟಿಸುವ ಮೊದಲು ಉತ್ತರ 4 ಬರೆದ ಸರ್ ಅವರು ತಮ್ಮ ಸ್ಕ್ರೀನ್ ರೀಡರಿನಲ್ಲಿ ಒಮ್ಮೆ ಓದಿ ನೋಡಲು ಒಪ್ಪುವರೇ ಎಂದು ಕೇಳಿಕೊಳ್ಳುತ್ತೇನೆ.